ತಾತನ ಟ್ರಂಕಲ್ಲಿ ಸಿಕ್ಕ ಯುದ್ಧಕಾಲದ ನೋಟುಗಳು: ಮಾರೋದಾ, ಇಟ್ಕೊಳ್ಳೋದಾ, ಕೇಸೇನಾದ್ರೂ ಆಗುತ್ತಾ?

ಪ್ರಶ್ನೆ: ಸರ್ ನಮಸ್ಕಾರ. ನಮ್ಮದು ತಿಪಟೂರು ಹತ್ರ ಹಳ್ಳಿ. ಹಳೇ ಮನೆ ಬಿಚ್ಚಿಸೋವಾಗ ಅಟ್ಟದ ಮೇಲೆ ತಾತಂದು (ಅಮ್ಮನ ಅಪ್ಪ) ತಗಡಿನ ಟ್ರಂಕು ಸಿಕ್ತು. ತಾತ ಎರಡನೇ ಮಹಾಯುದ್ಧದ ಟೈಮಲ್ಲಿ ಮಿಲಿಟರಿ ಲಾರಿ ಡ್ರೈವರಾಗಿ ಬರ್ಮಾ ಕಡೆ ಹೋಗಿದ್ರಂತೆ. ಒಳಗೆ 1917ರ ಒಂದು ರೂಪಾಯಿ ನೋಟು ಒಂದು, 1940ರ ಒಂದು ರೂಪಾಯಿ ಏಳು, ರಿಸರ್ವ್ ಬ್ಯಾಂಕಿನ ಹತ್ತು ರೂಪಾಯಿ ಒಂದು, ಅದರ ಮೇಲೆ ಕೆಂಪಕ್ಷರದಲ್ಲಿ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ’ ಅಂತ ಇದೆ, ಆಮೇಲೆ ‘ಜಪಾನೀಸ್ ಗವರ್ನಮೆಂಟ್’ ಅಂತ ಇರೋ ಹತ್ತು ರೂಪಾಯಿ ನೋಟಿಂದು ಒಂದು ಕಟ್ಟು. ಯೂಟ್ಯೂಬಲ್ಲಿ ನೋಡಿ ಒಂದು ನಂಬರಿಗೆ ಫೋನ್ ಮಾಡಿದ್ವಿ, 1917ರ ನೋಟಿಗೆ 7 ಲಕ್ಷ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್‌ಗೆ 2,150 ಹಾಕಿ ಅಂದ್ರು. ಭಾವ ನೋಡಿದ್ರೆ ಬ್ರಿಟಿಷರ ನೋಟು ಮನೇಲಿಟ್ರೆ ಕೇಸಾಗುತ್ತೆ ಅಂತಾರೆ. ಅಮ್ಮನಿಗೆ ಬೇರೆಯದೇ ಯೋಚನೆ, ಈ ಜಪಾನ್ ಕಟ್ಟು ಅಪ್ಪ ಎಲ್ಲಾದ್ರೂ ಲೂಟಿ ಮಾಡಿದ್ದಾ ಅಂತ, ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಲ್ಯಾಮಿನೇಷನ್ ಮಾಡಿಸಿ ಇಡ್ಲಾ? ಏನ್ ಮಾಡ್ಬೇಕು ಹೇಳಿ.

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆಲಿ ದುಡ್ಡಿನ ವಿಷ್ಯ ಇದೆ, ಕಾನೂನಿನ ಭಯ ಇದೆ, ಅಮ್ಮನ ಸಂಕಟನೂ ಇದೆ, ಮೂರಕ್ಕೂ ಹೇಳ್ತೀನಿ, ಆದ್ರೆ ಮೊದಲು ಅರ್ಜೆಂಟಾಗಿ ಆಗಬೇಕಿರೋದು ಎರಡು. ಆ 2,150 ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ.

ಆ ಫೋನ್ ನಂಬರಿನ ಕತೆ ನಾನು ವಾರಕ್ಕೆ ಒಂದಾದ್ರೂ ಕೇಳ್ತೀನಿ. ಮೊದಲು ರಿಜಿಸ್ಟ್ರೇಷನ್ ಅಂತಾರೆ, ಆಮೇಲೆ ಜಿಎಸ್‌ಟಿ ಅಂತಾರೆ, ಆಮೇಲೆ ‘ಆರ್‌ಬಿಐ ಅಪ್ರೂವಲ್’ ಅಂತ ಸೀಲ್ ಇರೋ ಲೆಟರ್ ವಾಟ್ಸಾಪಿಗೆ ಬರುತ್ತೆ, ಹೀಗೆ ಕಟ್ತಾ ಕಟ್ತಾ ಜನ 40-50 ಸಾವಿರ ಕಳ್ಕೊಂಡಿರೋದು ನನಗೇ ಗೊತ್ತು. ಆರ್‌ಬಿಐ ಇದನ್ನ 2021ರ ಆಗಸ್ಟಲ್ಲೇ ಸ್ಪಷ್ಟವಾಗಿ ಹೇಳಿದೆ, ಹಳೇ ನೋಟು ನಾಣ್ಯದ ವ್ಯಾಪಾರ ನಾವು ಮಾಡಲ್ಲ, ಅದಕ್ಕೆ ಫೀಸು ಕಮಿಷನ್ ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ನಿಜವಾಗಿ ಕೊಳ್ಳೋನು ನಿಮಗೆ ದುಡ್ಡು ಕೊಡ್ತಾನೆ, ನಿಮ್ಮಿಂದ ಇಸ್ಕೊಳಲ್ಲ. ಅಕಸ್ಮಾತ್ ಆಗಲೇ ಹಾಕಿಬಿಟ್ಟಿದ್ರೆ ತಡ ಮಾಡದೆ 1930ಗೆ ಫೋನ್ ಮಾಡಿ, ಅದು ಸೈಬರ್ ಕ್ರೈಮ್ ಸಹಾಯವಾಣಿ.

ಭಾವ ಹೇಳಿದ ಕೇಸಿನ ವಿಷ್ಯ. ಬ್ರಿಟಿಷರ ಕಾಲದ ನೋಟನ್ನ ಮನೇಲಿ ಇಟ್ಕೊಳ್ಳೋದು, ದೇಶದೊಳಗೆ ಮಾರೋದು ಎರಡೂ ತಪ್ಪಲ್ಲ. ಈ ಭಯ 2016ರ ನೋಟ್ ಬ್ಯಾನ್‌ನಿಂದ ಬಂದಿರೋದು, ಅವತ್ತಿನ 500, 1000ದ ನೋಟಿಗೆ ಇಷ್ಟಕ್ಕಿಂತ ಜಾಸ್ತಿ ಇಟ್ಕೊಬಾರದು ಅಂತ ಕಾನೂನು ಮಾಡಿದ್ರು, ಅದನ್ನ ಜನ ಎಲ್ಲ ಹಳೇ ನೋಟಿಗೂ ಅನ್ವಯಿಸಿಬಿಟ್ರು. ಒಂದೇ ಒಂದು ಎಚ್ಚರಿಕೆ ಅಂದ್ರೆ 1972ರ ಪುರಾತನ ವಸ್ತು ಕಾಯ್ದೆ, ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುನ ಅನುಮತಿ ಇಲ್ಲದೆ ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ನಿಮ್ಮ 1917ರ ನೋಟು ನೂರು ದಾಟಿದೆ. ವಿದೇಶದೋರು ಯಾರಾದ್ರೂ ಕೊರಿಯರ್ ಮಾಡಿ ಅಂದ್ರೆ ಮಾಡಬೇಡಿ ಅಷ್ಟೆ.

ಈಗ ನೋಟುಗಳಿಗೆ ಬರೋಣ. ನಾನು ಇಷ್ಟು ವರ್ಷದ ಅನುಭವದಲ್ಲಿ ಕಲ್ತಿದ್ದು, ಯುದ್ಧಕಾಲದ ನೋಟು ಕೈಗೆ ಬಂದ್ರೆ ಮೊದಲು ಅದರ ಮೇಲೆ ಬರೆದಿರೋ ಮಾತು ಓದಬೇಕು. ರಾಜನ ಮುಖ ಆಮೇಲೆ ನೋಡಿದ್ರಾಯ್ತು. ನಿಮ್ಮ ನಾಲ್ಕು ಥರದ ನೋಟಲ್ಲೂ ಸರ್ಕಾರ ಜನಕ್ಕೆ ಕೊಟ್ಟ ಮಾತು ಬೇರೆ ಬೇರೆ, ಅದು ಅರ್ಥ ಆದ್ರೆ ಬೆಲೆ ಯಾಕೆ ಹೆಚ್ಚುಕಮ್ಮಿ ಅನ್ನೋದೂ ಅಮ್ಮನ ಪ್ರಶ್ನೆಗೆ ಉತ್ತರನೂ ಅಲ್ಲೇ ಸಿಗುತ್ತೆ.

1917ರ ನೋಟನ್ನ ಕಿಟಕಿ ಹತ್ರ ಬೆಳಕಿಗೆ ಹಿಡೀರಿ (ಅಂಚಲ್ಲಿ ಹಿಡ್ಕೊಳ್ಳಿ, ಮಧ್ಯ ಬೆರಳಿಡಬೇಡಿ). ಕಾಗದದ ಒಳಗೆ ಕಿರಣ ಇರೋ ಥರದ ಒಂದು ನಕ್ಷತ್ರ ಕಾಣಬೇಕು, ಅದೇ ವಾಟರ್‌ಮಾರ್ಕ್. ಮುಂದುಗಡೆ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಚಿತ್ರನೇ ಅಚ್ಚಾಗಿರುತ್ತೆ. ಹಿಂದುಗಡೆ ಎಂಟು ಭಾಷೇಲಿ ಒಂದು ರೂಪಾಯಿ ಅಂತ ಇದೆ, ಅದ್ರಲ್ಲಿ ನಮ್ಮ ಕನ್ನಡನೂ ಒಂದು, ಬರ್ಮೀಸೂ ಒಂದು, ಆಗ ಬರ್ಮಾ ಬ್ರಿಟಿಷ್ ಇಂಡಿಯಾದೊಳಗೇ ಇತ್ತು. ಮತ್ತೆ ಇಂಗ್ಲಿಷಲ್ಲಿ ‘ಕೇಳಿದ ತಕ್ಷಣ ಒಂದು ರೂಪಾಯಿ ಕೊಡ್ತೀನಿ’ ಅಂತ ಮಾತು ಕೊಟ್ಟಿದ್ದಾರೆ. ಆ ಒಂದು ರೂಪಾಯಿ ಅಂದ್ರೆ ಬೆಳ್ಳಿ ನಾಣ್ಯ.

ಆದ್ರೆ ನೋಟು ಅಚ್ಚು ಹಾಕಿದ್ದೇ ಬೆಳ್ಳಿ ಸಾಲದೆ ಇದ್ದಿದ್ದಕ್ಕೆ. ಅದಕ್ಕೆ ಮುಂಚೆ ನಮ್ಮಲ್ಲಿ ಐದು ರೂಪಾಯಿಗಿಂತ ಸಣ್ಣ ನೋಟೇ ಇರ್ಲಿಲ್ಲ, ರೂಪಾಯಿ ಅಂದ್ರೆ ಠಣ್ ಅನ್ನೋ ನಾಣ್ಯ. ಮೊದಲನೇ ಯುದ್ಧದಲ್ಲಿ ಬ್ರಿಟನ್ನು ಇಲ್ಲಿಂದ ಸೈನ್ಯ, ಸೆಣಬು, ಗೋಧಿ, ಚರ್ಮ ಎಲ್ಲ ತಗೊಂಡು ಹೋಯ್ತು, ಇಲ್ಲಿನ ರೈತನಿಗೆ ಸಿಪಾಯಿಗೆ ರೂಪಾಯಲ್ಲೇ ಕೊಡಬೇಕು, ಹಾಗಾಗಿ ಟಂಕಸಾಲೆ ಎಷ್ಟು ಟಂಕಿಸಿದ್ರೂ ಸಾಲ್ತಿರ್ಲಿಲ್ಲ. ಅದೇ ಹೊತ್ತಿಗೆ ಲೋಕದಲ್ಲೆಲ್ಲ ಬೆಳ್ಳಿ ಬೆಲೆ ಏರ್ತಾ ಇತ್ತು. ಲೆಕ್ಕ ಸರಳ, ಲಂಡನ್ನಲ್ಲಿ ಔನ್ಸ್ ಬೆಳ್ಳಿ 43 ಪೆನ್ಸ್ ಮುಟ್ಟಿದ್ರೆ ರೂಪಾಯಿ ನಾಣ್ಯದೊಳಗಿನ ಬೆಳ್ಳಿಯ ಬೆಲೆನೇ ರೂಪಾಯಿಗೆ ಸಮ ಆಗುತ್ತೆ, ಅದಕ್ಕಿಂತ ಮೇಲೆ ಹೋದ್ರೆ ನಾಣ್ಯ ಕರಗಿಸಿದವನಿಗೆ ಲಾಭ. 1917ರ ಆಗಸ್ಟ್ ಹೊತ್ತಿಗೆ ಆ ಗಡಿ ಮುಟ್ಟಿತು. ನಾಣ್ಯ ಕರಗಿಸೋದು ಅಪರಾಧ ಅಂತ ಮಾಡಿದ್ರು, ಖಾಸಗಿಯವರು ಬೆಳ್ಳಿ ತರಿಸೋದನ್ನ ನಿಲ್ಲಿಸಿದ್ರು, ಆದ್ರೂ ಆಗ್ಲಿಲ್ಲ. 1917ರ ನವೆಂಬರ್ 30ಕ್ಕೆ ಒಂದು ರೂಪಾಯಿ ನೋಟು ಬಂತು, 1918ರ ಜನವರಿ 2ಕ್ಕೆ ಎರಡು ರೂಪಾಯಿ ಎಂಟಾಣೆ ನೋಟು ಬಂತು. ಕೊನೆಗೆ 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಅಂತ ಮಾಡಿ ತನ್ನ ಖಜಾನೇಲಿದ್ದ ಡಾಲರ್ ನಾಣ್ಯ ಕರಗಿಸಿ 20 ಕೋಟಿ ಔನ್ಸ್ ಬೆಳ್ಳಿ ಇಂಡಿಯಾಕ್ಕೆ ಮಾರಿದ ಮೇಲೆ ಸರ್ಕಾರ ಉಸಿರು ಬಿಡ್ತು. ಬೆಳ್ಳಿ ಮಾತ್ರ ಆಮೇಲೂ ಏರ್ತಾನೇ ಹೋಗಿ 1920ರಲ್ಲಿ 89 ಪೆನ್ಸ್ ಮುಟ್ಟಿತ್ತು.

(ಕಲಬುರಗಿ, ಬೀದರ್, ರಾಯಚೂರು ಕಡೆಯವರು ಇದನ್ನ ಓದ್ತಿದ್ರೆ ನಿಮ್ಮ ಅಟ್ಟನೂ ಒಂದ್ಸಲ ನೋಡಿ. ಇದೇ ಬೆಳ್ಳಿ ಬರಕ್ಕೆ ನಿಜಾಮ ಸರ್ಕಾರನೂ 1918ರಲ್ಲಿ ಕಾಯ್ದೆ ಮಾಡಿ ತನ್ನದೇ ನೋಟು ತಂತು, ಅದರಲ್ಲೂ ಉರ್ದು, ಮರಾಠಿ, ತೆಲುಗಿನ ಜೊತೆ ಕನ್ನಡ ಇದೆ. ಆ ನೋಟುಗಳ ಒಂದು ಲೋಡ್ ಲಂಡನ್ನಿಂದ ಬರೋವಾಗ 1922ರಲ್ಲಿ ‘ಈಜಿಪ್ಟ್’ ಅನ್ನೋ ಹಡಗಿನ ಜೊತೆ ಮುಳುಗಿ ಹೋಗಿ, ಹತ್ತು ವರ್ಷ ಆದ್ಮೇಲೆ ಇಟಲಿಯ ಮುಳುಗುಗಾರರು ಚಿನ್ನ ಎತ್ತೋವಾಗ ಒದ್ದೆ ನೋಟುಗಳೂ ಮೇಲೆ ಬಂದ್ವು. ಕಾಗದ ಇನ್ನೂ ಗಟ್ಟಿಯಾಗೇ ಇತ್ತು.)

ನಿಮ್ಮ ನೋಟಿನ ಬೆಲೆ. 7 ಲಕ್ಷ ಅಂತೂ ಇಲ್ವೇ ಇಲ್ಲ. ಒಂದು ರೂಪಾಯಿದು ಸಾವಿರಗಳ ಲೆಕ್ಕ. ಅದು ಎಷ್ಟು ಸಾವಿರ ಅನ್ನೋದು ಸಹಿ ಯಾರದ್ದು ಅನ್ನೋದರ ಮೇಲೆ (ಗುಬ್ಬೆ, ಮ್ಯಾಕ್‌ವಾಟರ್ಸ್, ಡೆನ್ನಿಂಗ್ ಅಂತ ಮೂರು ಜನ ಅಧಿಕಾರಿಗಳ ಸಹಿ ಬರುತ್ತೆ, ತಾರೀಕು ಮಾತ್ರ ಎಲ್ಲದ್ರಲ್ಲೂ 1917ನೇ), ಅದಕ್ಕಿಂತ ಜಾಸ್ತಿ ಸ್ಥಿತಿಯ ಮೇಲೆ ನಿಂತಿದೆ. ನಾಲ್ಕು ಮಡಿಕೆ ಬಿದ್ದು ಅಂಚು ಸವೆದಿರೋದಕ್ಕೂ ಗರಿಗರಿ ಇರೋದಕ್ಕೂ ಹತ್ತು ಪಟ್ಟು ವ್ಯತ್ಯಾಸ ಆಗಬಹುದು. ಎಡ ಅಂಚಲ್ಲಿ ಸ್ಟಾಂಪ್ ಹರಿದಂಗೆ ಸಣ್ಣ ಹಲ್ಲು ಹಲ್ಲು ಇದ್ರೆ ಅದು ಹರಿದಿದ್ದಲ್ಲ, ಕತ್ತರಿ ಹಾಕಿ ನೆಟ್ಟಗೆ ಮಾಡಬೇಡಿ, ಈ ನೋಟುಗಳನ್ನ 25ರ ಪುಸ್ತಕವಾಗೂ ಕೊಡ್ತಿದ್ರು, ಅದ್ರಿಂದ ಕಿತ್ತ ಗುರುತು ಅದು. ವಿಡಿಯೋಗಳಲ್ಲಿ ಹೇಳೋ ಲಕ್ಷದ ಮಾತು ಪೂರ್ತಿ ಸುಳ್ಳಲ್ಲ, ಎರಡು ರೂಪಾಯಿ ಎಂಟಾಣೆ ನೋಟಿಗೆ ಹರಾಜಲ್ಲಿ ಲಕ್ಷ ದಾಟಿದ ಬೆಲೆ ಬಂದಿರೋದು ಉಂಟು, ಅದನ್ನ ತೋರಿಸಿ ಒಂದು ರೂಪಾಯಿ ಇರೋರನ್ನ ಬಲೆಗೆ ಹಾಕ್ತಾರೆ.

1940ರ ಏಳು ನೋಟು. ಇದ್ರಲ್ಲಿ ಆ ‘ಕೊಡ್ತೀನಿ’ ಅನ್ನೋ ಮಾತೇ ಇಲ್ಲ, ಹುಡುಕಿ ನೋಡಿ. 1940ರ ಜೂನಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂದಿದ್ದೇ ತಡ ಇಲ್ಲಿ ಜನ ನೋಟು ಕೊಟ್ಟು ನಾಣ್ಯ ತಗೊಳ್ಳೋಕೆ ಸಾಲು ನಿಂತ್ರು, ಬ್ರಿಟಿಷರು ಸೋತ್ರೆ ಕಾಗದಕ್ಕೆ ಬೆಲೆ ಇಲ್ಲ, ಬೆಳ್ಳಿಗಾದ್ರೂ ಇರುತ್ತೆ ಅಂತ. ಸರ್ಕಾರ ಅಗತ್ಯಕ್ಕಿಂತ ಜಾಸ್ತಿ ನಾಣ್ಯ ಕೂಡಿಡೋದು ಅಪರಾಧ ಅಂತು, ಒಂದು ರೂಪಾಯಿ ನೋಟನ್ನ ಮತ್ತೆ ಚಲಾವಣೆಗೆ ತಂತು, ಸುಗ್ರೀವಾಜ್ಞೆ ಹೊರಡಿಸಿ ಈ ನೋಟೇ ರೂಪಾಯಿ ನಾಣ್ಯಕ್ಕೆ ಸಮ ಅಂತ ಮಾಡಿಬಿಡ್ತು. ನೋಟೇ ನಾಣ್ಯ ಆದ್ಮೇಲೆ ಅದನ್ನ ಕೊಟ್ಟು ಇನ್ನೇನು ಕೇಳ್ತೀರಿ, ಅದಕ್ಕೇ ಮಾತು ಕೊಟ್ಟಿಲ್ಲ. ನಾಣ್ಯದಲ್ಲೂ ಬೆಳ್ಳಿನ ಶೇ. 91.7ರಿಂದ 50ಕ್ಕೆ ಇಳಿಸಿದ್ರು.

ಇದರ ಹಿಂದೆ ದೊಡ್ಡ ಸಂಗತಿ ಒಂದಿದೆ, ಬೇಗ ಹೇಳಿಬಿಡ್ತೀನಿ. ಯುದ್ಧಕ್ಕೆ ಇಲ್ಲಿ ಕೊಂಡ ಬಟ್ಟೆ, ಧಾನ್ಯ, ಮರಮುಟ್ಟಿಗೆಲ್ಲ ಬ್ರಿಟನ್ನು ಲಂಡನ್ನಲ್ಲಿ ಸ್ಟರ್ಲಿಂಗ್ (ಅಂದ್ರೆ ಅವರ ಪೌಂಡ್) ಸಾಲದ ಲೆಕ್ಕ ಬರೀತಾ ಹೋಯ್ತು, ಆ ಲೆಕ್ಕದ ಆಧಾರದ ಮೇಲೆ ಇಲ್ಲಿ ರಿಸರ್ವ್ ಬ್ಯಾಂಕು ನೋಟು ಅಚ್ಚು ಹಾಕ್ತಾ ಹೋಯ್ತು. 1939ರಲ್ಲಿ ಸುಮಾರು 180 ಕೋಟಿ ರೂಪಾಯಿ ನೋಟು ಚಲಾವಣೇಲಿತ್ತು, 1945ಕ್ಕೆ ಅದು 1100 ಕೋಟಿ ದಾಟಿತ್ತು. ಸಾಮಾನು ಹಡಗು ಹತ್ತಿ ಹೋಗಿತ್ತು, ಕಾಗದ ಮಾತ್ರ ಇಲ್ಲಿ ಉಳಿದಿತ್ತು, ಬೆಲೆ ಏರದೆ ಇನ್ನೇನಾಗುತ್ತೆ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಿದ್ದಕ್ಕೆ ಈ ಬೆಲೆ ಏರಿಕೆನೂ ಒಂದು ಕಾರಣ. ಈ ನೋಟು ಸಿಕ್ಕಾಪಟ್ಟೆ ಅಚ್ಚಾಗಿದ್ದಕ್ಕೇ ಇವತ್ತೂ ಸುಲಭವಾಗಿ ಸಿಗುತ್ತೆ, ಒಂದೊಂದಕ್ಕೆ ನೂರುಗಳ ಲೆಕ್ಕ ಇಟ್ಕೊಳ್ಳಿ. ನಂಬರಲ್ಲಿ 786 ಇದ್ರೆ ಅದಕ್ಕೆ ಆಸೆ ಪಡೋರು ಸ್ವಲ್ಪ ಜಾಸ್ತಿ ಕೊಡ್ತಾರೆ, ಲಕ್ಷ ಯಾರೂ ಕೊಡಲ್ಲ.

ಮೂರನೇದು, ಕೆಂಪಕ್ಷರದ ಹತ್ತು ರೂಪಾಯಿ. ನಿಮ್ಮ ಟ್ರಂಕಲ್ಲಿ ನನಗೆ ಇಷ್ಟ ಆಗಿದ್ದು ಇದು. ಮಾಮೂಲಿ ರಿಸರ್ವ್ ಬ್ಯಾಂಕ್ ನೋಟೇ, ಆರನೇ ಜಾರ್ಜ್ ಇದ್ದಾನೆ, ಹತ್ತು ರೂಪಾಯಿ ಕೊಡ್ತೀನಿ ಅಂತ ಮಾತೂ ಇದೆ, ಆದ್ರೆ ಮೇಲೆ ಕೆಂಪಲ್ಲಿ ‘ಬರ್ಮಾದಲ್ಲಿ ಮಾತ್ರ ಸಲ್ಲುತ್ತೆ’ ಅಂತ ಒತ್ತಿದ್ದಾರೆ. 1942ರ ಮಾರ್ಚಲ್ಲಿ ರಂಗೂನ್ ಜಪಾನಿನ ಕೈಗೆ ಹೋಯ್ತು, 1945ರ ಮೇ ತಿಂಗಳಲ್ಲಿ ಬ್ರಿಟಿಷ್-ಇಂಡಿಯನ್ ಸೈನ್ಯ ವಾಪಸ್ ತಗೊಂತು, ಅಲ್ಲಿ ಆಡಳಿತ ನಡೆಸಿದ ಮಿಲಿಟರಿಯವರು ಇಂಡಿಯಾದ ನೋಟಿಗೇ ಈ ಮುದ್ರೆ ಹಾಕಿ ಓಡಿಸಿದ್ರು. 1947ರಲ್ಲಿ ‘ಬರ್ಮಾ ಕರೆನ್ಸಿ ಬೋರ್ಡ್’ ಅಂತ ಇನ್ನೊಂದು ಮುದ್ರೆ ಬಂತು. ನಿಮ್ಮದು ಮೊದಲನೇದು, ಅಂದ್ರೆ ತಾತ ಇದ್ದ ಕಾಲಕ್ಕೇ ಸರಿಹೊಂದುತ್ತೆ.

ಆದ್ರೆ ಇದರಲ್ಲೇ ಮೋಸ ಜಾಸ್ತಿ. ಮುದ್ರೆ ಇಲ್ಲದ ನೋಟು ಅಗ್ಗ, ಮುದ್ರೆ ಇದ್ರೆ ಬೆಲೆ, ಹಾಗಾಗಿ ಮುದ್ರೆ ಒತ್ತೋರು ಹುಟ್ಕೊಂಡ್ರು. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಪ್ರದರ್ಶನದಲ್ಲಿ ಇಂಥದೇ ಒಂದನ್ನ ಒಳ್ಳೆ ದುಡ್ಡು ಕೊಟ್ಟು ತಗೊಂಡಿದ್ದೆ, ಮನೆಗೆ ಬಂದು ಭೂತಗನ್ನಡಿಲಿ ನೋಡಿದ್ರೆ ಮಡಿಕೆ ಬಿದ್ದು ನಾರು ಎದ್ದಿರೋ ಜಾಗದಲ್ಲಿ ಕೆಂಪು ಶಾಯಿ ನಾರಿನೊಳಗೆ ಇಳಿದು ಹರಡಿತ್ತು. ಮೊದಲು ಮುದ್ರೆ ಬಿದ್ದು ಆಮೇಲೆ ಮಡಚಿದ್ರೆ ಮಡಿಕೆಲಿ ಶಾಯಿ ಸವೆದು ಬಿಳಿ ಗೆರೆ ಕಾಣಬೇಕು. ಹರಡಿದೆ ಅಂದ್ರೆ ಮಡಿಕೆ ಹಳೇದು, ಮುದ್ರೆ ಹೊಸದು. ನಿಮ್ಮ ನೋಟಲ್ಲೂ ಇದನ್ನ ನೋಡಿ, ಅಟ್ಟದಿಂದ ನೇರ ಬಂದಿರೋದ್ರಿಂದ ಅಸಲಿ ಇರೋ ಸಾಧ್ಯತೆನೇ ಜಾಸ್ತಿ, ಆದ್ರೂ ಕೊಳ್ಳೋನು ನೋಡೇ ನೋಡ್ತಾನೆ.

ಈಗ ಜಪಾನ್ ಕಟ್ಟು. ಅಮ್ಮನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇದನ್ನ ಓದಿ ಹೇಳಿ. ಒಂದು ನೋಟು ಎತ್ತಿ ನಂಬರ್ ಎಲ್ಲಿದೆ ನೋಡಿ. ಇರಲ್ಲ. ಇಂಗ್ಲಿಷಿನ ‘ಬಿ’ ಅಕ್ಷರದಿಂದ ಶುರುವಾಗೋ ಎರಡು-ಮೂರು ಅಕ್ಷರ ಮಾತ್ರ ಇರುತ್ತೆ, ‘ಬಿ’ ಅಂದ್ರೆ ಬರ್ಮಾಕ್ಕೆ ಅಂತ. ಜಪಾನ್ ಸೈನ್ಯ ಹೋದ ಹಲವು ಕಡೆ ಹೀಗೆ ಆ ಊರಿನ ಹಣದ ಹೆಸರಲ್ಲಿ ನೋಟು ತಂತು, ಬರ್ಮಾದಲ್ಲಿ ರೂಪಾಯಿ, ಮಲಯಾದಲ್ಲಿ ಡಾಲರ್, ಫಿಲಿಪೀನ್ಸಲ್ಲಿ ಪೆಸೊ. ಎಷ್ಟು ಅಚ್ಚು ಹಾಕ್ತೀವಿ ಅನ್ನೋ ಲೆಕ್ಕ ಯಾರಿಗೂ ಕಾಣದ ಹಾಗೆ ನಂಬರಿಲ್ಲದೆ ಅಚ್ಚು ಹಾಕಿದ್ರು, ಹಿಂದೆ ಬೆಳ್ಳಿನೂ ಇಲ್ಲ ಚಿನ್ನನೂ ಇಲ್ಲ. ಬ್ರಿಟಿಷರು ವಾಪಸ್ ಬಂದಾಗ ಈ ನೋಟನ್ನ ಒಪ್ಪಲೇ ಇಲ್ಲ, ಮೂರು ವರ್ಷ ದುಡಿದು ಕೂಡಿಟ್ಟಿದ್ದ ಅಲ್ಲಿನ ಜನರ ದುಡ್ಡೆಲ್ಲ ಕಸ ಆಯ್ತು. ಬೀದಿಗೆ ಎಸೆದಿದ್ದ ಕಟ್ಟುಗಳನ್ನ ಸಿಪಾಯಿಗಳು ನೆನಪಿಗೆ ಅಂತ ಎತ್ತಿ ಜೇಬಿಗೆ ಹಾಕ್ಕೊಂಡು ಊರಿಗೆ ತಂದ್ರು. ಇಂಥ ಕಟ್ಟು ನಾನು ಕೊಡಗಿನ ಮನೆಗಳಲ್ಲಿ ನೋಡಿದೀನಿ, ಹಾಸನದಲ್ಲಿ ನೋಡಿದೀನಿ, ಪಂಜಾಬಿಂದ ಬಂದವರ ಹತ್ರನೂ ನೋಡಿದೀನಿ. 1945ರಲ್ಲಿ ಆ ಕಟ್ಟಿಗೆ ರಂಗೂನಿನಲ್ಲಿ ಒಂದು ಲೋಟ ಚಹಾ ಬರ್ತಿರ್ಲಿಲ್ಲ, ಬೆಲೆ ಇಲ್ಲದ್ದನ್ನ ಯಾರೂ ಲೂಟಿ ಮಾಡಲ್ಲ. ಅಮ್ಮ ನೆಮ್ಮದಿಯಾಗಿ ಊಟ ಮಾಡ್ಲಿ.

ಬೆಲೆ ಇವತ್ತೂ ಕಮ್ಮಿನೇ, ಒಂದೊಂದು ನೋಟಿಗೆ ಕೆಲವು ಹತ್ತುಗಳಿಂದ ನೂರರ ಆಸುಪಾಸು. ಜಪಾನ್ ಸರ್ಕಾರ ಈಗ ದುಡ್ಡು ಕೊಡುತ್ತಂತೆ ಅನ್ನೋ ಸುದ್ದಿನೂ ಓಡಾಡುತ್ತೆ, ನಂಬಬೇಡಿ. ಹಾಂಗ್‌ಕಾಂಗಿನ ಜನ ತಮ್ಮ ಕೈಲಿದ್ದ ಜಪಾನಿನ ಮಿಲಿಟರಿ ಯೆನ್‌ಗೆ ಪರಿಹಾರ ಕೇಳಿ ಟೋಕಿಯೋ ಕೋರ್ಟಿಗೆ ಹೋಗಿದ್ರು, 1999ರಲ್ಲಿ ಸೋತ್ರು. ಅವರಿಗೇ ಸಿಕ್ಕಿಲ್ಲ. ಇನ್ನೊಂದು, ಬರ್ಮಾ ಸಾಮಾನು ಅಂದ ತಕ್ಷಣ ನಿಮಗೆ ‘ಆಜಾದ್ ಹಿಂದ್ ಬ್ಯಾಂಕ್ ನೋಟು’ ಮಾರೋಕೆ ಬರೋರು ಇರ್ತಾರೆ, ನೇತಾಜಿ ಫೋಟೋ ನೋಡಿ ಕೈ ಮುಗಿದು ದುಡ್ಡು ಕೊಟ್ಟುಬಿಡಬೇಡಿ, ಅದರಲ್ಲಿ ನಕಲಿನೇ ತುಂಬಾ.

ಲ್ಯಾಮಿನೇಷನ್ ಯಾಕೆ ಬೇಡ ಅಂದ್ನಂದ್ರೆ ಅದರ ಅಂಟು ಬಿಸಿಗೆ ಕರಗಿ ಕಾಗದದ ನಾರೊಳಗೆ ಇಳಿಯುತ್ತೆ, ಆಮೇಲೆ ಬಿಡಿಸೋ ದಾರಿ ಇಲ್ಲ. ಶಿರಸಿ ಕಡೆಯ ಒಬ್ಬರು ಅಮ್ಮ 1917ರ ನಾಲ್ಕು ನೋಟು ತಂದಿದ್ರು, ಮಗ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದ, ಅವರಿಗೆ ವಿಷ್ಯ ಹೇಳೋಕೆ ನನಗೆ ಬಾಯಿ ಬರಲಿಲ್ಲ. ತೊಳೀಬೇಡಿ, ಇಸ್ತ್ರಿ ಹಾಕಬೇಡಿ (ಇಸ್ತ್ರಿ ಹಾಕಿದ ನೋಟಿಗೆ ಒಂಥರಾ ಹೊಳಪು ಬರುತ್ತೆ, ಕೈಗೆ ತಗೊಂಡ ಕ್ಷಣ ಗೊತ್ತಾಗುತ್ತೆ), ಟೇಪ್ ಹಚ್ಚಬೇಡಿ. ಅಂಗಡೀಲಿ ಸಿಗೋ ಮೆತ್ತನೆ ಪಿವಿಸಿ ಕವರು ಬೇಡ, ವರ್ಷ ಕಳೆದಂಗೆ ಅಂಟಂಟಾಗಿ ಶಾಯಿ ಎಳ್ಕೊಳುತ್ತೆ, ಪಾಲಿಯೆಸ್ಟರ್ ಕವರು ತಗೊಳ್ಳಿ, ಮೈಲಾರ್ ಅಂತ ಕೇಳಿದ್ರೆ ಕೊಡ್ತಾರೆ. ನುಸಿಗುಳಿಗೆ ನೋಟಿಗೆ ತಾಗೋ ಹಾಗೆ ಇಡಬೇಡಿ. ಮಳೆಗಾಲದಲ್ಲಿ ಗೋಡೆಗೆ ಒರಗಿರೋ ಬೀರು ಬೇಡ.

ಮಾರೋದೇ ಅಂದ್ರೆ ದಾರಿಗಳು ಇವೆ, ಎಲ್ಲದಕ್ಕೂ ಒಂದೊಂದು ತೊಂದರೆ ಇದೆ. ಡೀಲರ್ ಹತ್ರ ಹೋದ್ರೆ ಕೈಗೆ ಕೂಡ್ಲೇ ದುಡ್ಡು, ಆದ್ರೆ ಅವನು ಲಾಭಕ್ಕೆ ಮಾರಬೇಕಲ್ಲ, ಹರಾಜಿನ ಬೆಲೆಯ ಅರ್ಧದಿಂದ ಮುಕ್ಕಾಲು ಕೊಟ್ರೆ ನ್ಯಾಯವೇ ಅನ್ನಬೇಕು. ಮೂರು ಜನರಿಗಾದ್ರೂ ತೋರಿಸಿ, ನೋಟನ್ನ ಅವರ ಹತ್ರ ‘ನಾಳೆ ಬನ್ನಿ’ ಅಂತ ಬಿಟ್ಟು ಬರಬೇಡಿ. ಹರಾಜಿನ ಮನೆಗೆ ಕೊಟ್ರೆ ಬೆಲೆ ಚೆನ್ನಾಗಿ ಬರಬಹುದು, ಕಮಿಷನ್ ಕಳೀತಾರೆ, ತಿಂಗಳುಗಟ್ಟಲೆ ಕಾಯಬೇಕು, ಮಾರಾಟ ಆಗದೆನೂ ಇರಬಹುದು. ಅವರು ಕಮಿಷನ್ನು ಮಾರಿದ ದುಡ್ಡಲ್ಲಿ ಕಳೀತಾರೆ, ಮುಂಗಡ ಕೇಳಲ್ಲ, ಇದನ್ನ ಮತ್ತೆ ಹೇಳ್ತಿದೀನಿ. ಗ್ರೇಡಿಂಗ್ (ನೋಟಿನ ಸ್ಥಿತಿ ಪರೀಕ್ಷೆ ಮಾಡಿ ಅಂಕ ಕೊಡೋದು) ಮಾಡಿಸಿ ಅಂತ ಕೆಲವರು ಹೇಳ್ತಾರೆ, 1917ರ ನೋಟು ಗರಿಗರಿ ಇದ್ರೆ ಮಾತ್ರ ಖರ್ಚು ಗಿಟ್ಟುತ್ತೆ, ಮಿಕ್ಕಿದ್ದಕ್ಕೆ ಗ್ರೇಡಿಂಗ್ ಫೀಸೇ ನೋಟಿನ ಬೆಲೆಗಿಂತ ಜಾಸ್ತಿ ಆಗುತ್ತೆ. ಬೆಂಗಳೂರಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಸುಮ್ನೆ ಒಂದು ದಿನ ಹೋಗಿ ಅಲ್ಲಿ ಮಾರಾಟಕ್ಕಿಟ್ಟಿರೋ ಇಂಥದೇ ನೋಟಿನ ಬೆಲೆ ಕೇಳ್ಕೊಂಡು ಬನ್ನಿ, ಯಾವ ವಿಡಿಯೋಗಿಂತಲೂ ಅದು ವಾಸಿ.

ನನ್ನ ಅಭಿಪ್ರಾಯ ಕೇಳಿದ್ರೆ ದುಡ್ಡಿನ ತುರ್ತಿದ್ರೆ 1917ರದ್ದು ಮಾರಿ, 1940ರದ್ದರಲ್ಲಿ ಐದಾರು ಮಾರಿ. ಕೆಂಪಕ್ಷರದ ಹತ್ತು ರೂಪಾಯಿ ಮಾತ್ರ ಆತುರ ಬೇಡ. ಜಪಾನ್ ನೋಟು ಕಸ ಅಂತ ಗೊತ್ತಿದ್ದೇ ತಂದಿದ್ದು, ಆದ್ರೆ ಆ ಹತ್ತು ರೂಪಾಯಿ ಅವತ್ತು ಬರ್ಮಾದಲ್ಲಿ ನಿಜವಾದ ದುಡ್ಡು, ತಿಪಟೂರಿನ ಸಂತೇಲಿ ಸಲ್ಲಲ್ಲ ಅಂತ ಅದರ ಮೇಲೇ ಬರೆದಿತ್ತು, ಆದ್ರೂ ತಾತ ಬರ್ಮಾ ಬಿಡೋ ಮುಂಚೆ ಅದನ್ನ ಖರ್ಚು ಮಾಡದೆ ಹಾಗೇ ಇಟ್ಕೊಂಡು ಬಂದಿದ್ದಾರೆ. ಟ್ರಂಕಿನ ತಳಕ್ಕೆ ಹಾಸಿರೋ ಪೇಪರ್ ಕೆಳಗೆ ಇನ್ನೊಂದ್ಸಲ ನೋಡಿ, ಪೇ ಬುಕ್ಕೋ ಡಿಸ್ಚಾರ್ಜ್ ಸರ್ಟಿಫಿಕೇಟೋ ಇದ್ರೆ ಅದರಲ್ಲಿ ಯಾವ ಕಂಪನಿ, ಯಾವ ತಾರೀಕು ಅಂತ ಇರುತ್ತೆ, ಅದರ ಜೊತೆ ನೋಟು ಇಟ್ಟು ಎರಡೂ ಕಾಣೋ ಹಾಗೆ ಒಂದು ಫೋಟೋ ತೆಗೆದು ನನಗೆ ಕಳಿಸಿ. ಅಮ್ಮನಿಗೆ ಅಪ್ಪ ಹೇಳಿದ್ದ ಊರುಗಳ ಹೆಸರೇನಾದ್ರೂ ನೆನಪಿದ್ರೆ ಅದನ್ನೂ ಒಂದು ಚೀಟಿಲಿ ಬರೆದಿಡಿ, ಇವತ್ತೇ.